ಕಾರಿನ ಚಾವಿ ತಿರುಗದಿದ್ದರೆ: ಜೋರು ಮಾಡುವ ಮೊದಲು ನೋಡಬೇಕಾದದ್ದು

ಚಾವಿ ಪೂರ್ತಿ ಒಳಗೆ ಹೋಗಿದೆ, ಆದರೆ ಲಾಕ್ ಸ್ಥಾನದಿಂದ ಅಲುಗಾಡುತ್ತಿಲ್ಲ. ಹೀಗಾಗಲು ಕಾರಣಗಳು ಬಹಳ ಇಲ್ಲ. ಸ್ಟೀರಿಂಗ್ ಲಾಕಿನ ಮೇಲೆ ಭಾರ ಬಿದ್ದಿರುತ್ತದೆ, ಚಾವಿ ಸವೆದಿರುತ್ತದೆ ಇಲ್ಲವೇ ಬಾಗಿರುತ್ತದೆ, ಲಾಕಿನೊಳಗೆ ಧೂಳು ಗಟ್ಟಿಯಾಗಿ ಕೂತಿರುತ್ತದೆ, ಅಥವಾ ಒಳಗಿನ ಪಟ್ಟಿಗಳೇ ಹಾಳಾಗಿರುತ್ತವೆ. ಮೊದಲನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಒಂದೆರಡು ನಿಮಿಷದ ಕೆಲಸ. ಕೊನೆಯದಕ್ಕೆ ಗಾಡಿ ಗ್ಯಾರೇಜಿನಲ್ಲಿ ನಿಲ್ಲಬೇಕು. ಆದ್ದರಿಂದ ಅಗ್ಗದ ಕಾರಣದಿಂದ ಶುರುಮಾಡಿ ದುಬಾರಿಯ ಕಡೆಗೆ ಹೋಗಿ. ಪಕ್ಕಡ (ಇಕ್ಕಳ) ಹಿಡಿದು ಚಾವಿ ತಿರುವಲು ಹೊರಟರೆ ಬಿಟ್ಟಿಯಾಗಿ ಮುಗಿಯಬೇಕಾದ ಕೆಲಸ ಹೊಸ ಲಾಕ್ ಸೆಟ್ಟಿನ ಬಿಲ್ಲಿನಲ್ಲಿ ಮುಗಿಯುತ್ತದೆ.

ತೊಂದರೆ ನಿಜಕ್ಕೂ ಲಾಕಿನದೇ?

ಚಾವಿ ತಿರುಗದಿರುವುದು ಬೇರೆ, ಚಾವಿ ತಿರುಗಿಯೂ ಎಂಜಿನ್ ಸ್ಟಾರ್ಟ್ ಆಗದಿರುವುದು ಬೇರೆ. ಚಾವಿ ಆನ್‌ವರೆಗೆ ಬಂದು, ಮೀಟರಿನ ದೀಪ ಹತ್ತಿ, ನಂತರ ಬರೀ ಟಕ್ ಟಕ್ ಸದ್ದು ಬಂದರೆ ಬ್ಯಾಟರಿ, ಟರ್ಮಿನಲ್ ಅಥವಾ ಸ್ಟಾರ್ಟರ್ ಮೋಟಾರ್ ನೋಡಬೇಕು. ಎಂಜಿನ್ ಒಮ್ಮೆ ಹತ್ತಿ ಕೂಡಲೇ ಆರಿ, ಮೀಟರಿನಲ್ಲಿ ಚಾವಿಯ ಗುರುತು ಮಿನುಗಿದರೆ ಅದು ಇಮ್ಮೊಬಿಲೈಸರ್. ಚಾವಿಯ ತಲೆಯೊಳಗಿನ ಚಿಪ್ಪನ್ನು ಗಾಡಿ ಗುರುತಿಸಿಲ್ಲ. ಈ ಎರಡಕ್ಕೂ ಮುಂದೆ ಹೇಳುವ ಉಪಾಯಗಳು ನಡೆಯುವುದಿಲ್ಲ. ತಿರುಗಿಸುವ ಮಾಮೂಲಿ ಚಾವಿಯ ಕಾರುಗಳಲ್ಲಿ ಚಿಪ್ ಕೆಟ್ಟರೂ ಚಾವಿ ತಿರುಗಿಯೇ ತಿರುಗುತ್ತದೆ. ಚಿಪ್ ಇಲ್ಲದ ನಕಲಿ ಚಾವಿಯೂ ಸರಾಗವಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಹಾಗಾಗಿ ಚಾವಿ ಅಲುಗದಿದ್ದಾಗ ಯಾರಾದರೂ ‘ಚಿಪ್ ಹೋಗಿದೆ, ಪ್ರೋಗ್ರಾಮಿಂಗ್ ಮಾಡಬೇಕು’ ಎಂದರೆ ಒಪ್ಪಬೇಡಿ.

ಇನ್ನೊಂದು ಗೊಂದಲವೂ ಇದೆ. ಕೆಲವು ಕಾರುಗಳಲ್ಲಿ ಒಮ್ಮೆ ಸ್ಟಾರ್ಟ್ ಮಾಡಲು ಯತ್ನಿಸಿ ಎಂಜಿನ್ ಹತ್ತದಿದ್ದರೆ, ಆನ್‌ನಿಂದ ನೇರವಾಗಿ ಮತ್ತೆ ಸ್ಟಾರ್ಟಿಗೆ ಚಾವಿ ಹೋಗುವುದಿಲ್ಲ. ತಿರುಗುತ್ತಿರುವ ಎಂಜಿನ್ನಿಗೆ ಸ್ಟಾರ್ಟರ್ ತಗುಲಿ ಹಲ್ಲು ಕೀಳಬಾರದೆಂದು ಹಾಗೆ ಮಾಡಿರುತ್ತಾರೆ. ಚಾವಿಯನ್ನು ಪೂರ್ತಿ ಹಿಂದಕ್ಕೆ ತಂದು ಮತ್ತೆ ತಿರುಗಿಸಿದರೆ ಆಯಿತು.

ಭಾರ ಬಿದ್ದ ಸ್ಟೀರಿಂಗ್ ಲಾಕ್

ಚಾವಿ ಹೊರತೆಗೆದ ಮೇಲೆ ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿದರೆ ಲಾಕಿನ ಮನೆಯಿಂದ ಒಂದು ಉಕ್ಕಿನ ಗೂಟ ಸ್ಪ್ರಿಂಗ್ ಒತ್ತಡದಿಂದ ಹೊರಬಂದು, ಸ್ಟೀರಿಂಗ್ ದಂಡದ ಗಾಳಿಯಲ್ಲಿ, ಅಂದರೆ ಅದಕ್ಕೆಂದೇ ಕೊರೆದ ತೋಡಿನಲ್ಲಿ, ಕೂರುತ್ತದೆ. ಚಾವಿ ತಿರುಗಿಸುವಾಗ ನಾವು ಮಾಡುವುದು ಎರಡು ಕೆಲಸ: ಲಾಕಿನ ತಿರುಳನ್ನು ತಿರುಗಿಸುವುದು, ಅದರ ಜೊತೆಗೆ ಆ ಗೂಟವನ್ನು ತೋಡಿನಿಂದ ಹಿಂದಕ್ಕೆ ಎಳೆಯುವುದು. ಗೂಟ ಸಡಿಲವಾಗಿದ್ದರೆ ಎರಡು ಬೆರಳಿನ ಬಲ ಸಾಕು. ಮುಂದಿನ ಗಾಲಿ ಕಲ್ಲಿಗೆ, ಚರಂಡಿಯ ಅಂಚಿಗೆ ಅಥವಾ ಫುಟ್‌ಪಾತಿಗೆ ಒತ್ತಿಕೊಂಡು ನಿಂತಿದ್ದರೆ ಟೈರಿನ ಬಿಗುವು ಸ್ಟೀರಿಂಗ್ ದಂಡಕ್ಕೆ ಬಂದು, ದಂಡ ಆ ಗೂಟವನ್ನು ತೋಡಿನ ಒಂದು ಗೋಡೆಗೆ ಅದುಮಿ ಹಿಡಿಯುತ್ತದೆ. ಆಗ ಚಾವಿಗೆ ಎಷ್ಟೇ ಬಲ ಹಾಕಿದರೂ ಗೂಟ ಬರುವುದಿಲ್ಲ, ಚಾವಿಯ ಕುತ್ತಿಗೆಯೇ ತಿರುಚಿಕೊಳ್ಳುತ್ತದೆ.

ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಯಂಥ ಕಡೆ ಇದ್ದಷ್ಟು ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ತುರುಕಿ ಇಳಿದವರಿಗೂ, ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದವರಿಗೂ ಈ ತೊಂದರೆ ಹೆಚ್ಚು. ಬಿಡಿಸುವ ಕ್ರಮ ಹೀಗಿದೆ:

1. ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು ಕೂತುಕೊಳ್ಳಿ. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ‘ಪಿ’ಯಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಚಾವಿಯನ್ನು ಕೊನೆಯವರೆಗೆ ಒಳಗೆ ಹಾಕಿ, ಆದರೆ ಇನ್ನೂ ತಿರುಗಿಸಬೇಡಿ.

2. ಬರೀ ಸ್ಟೀರಿಂಗನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿ ನೋಡಿ. ಒಂದು ಬದಿಗೆ ಗೋಡೆಗೆ ತಾಗಿದ ಹಾಗೆ ಚೂರೂ ಹೋಗುವುದಿಲ್ಲ. ಇನ್ನೊಂದು ಬದಿಗೆ ಸ್ಪ್ರಿಂಗಿನ ಹಾಗೆ ತುಸು ಕೊಡುತ್ತದೆ. ಗೂಟ ಅದುಮಿಕೊಂಡಿರುವುದು ಆ ಚೂರೂ ಹೋಗದ ಬದಿಗೆ.

3. ತುಸು ಕೊಡುವ ಬದಿಗೆ ಎಡಗೈಯಿಂದ ಸ್ಟೀರಿಂಗ್ ಎಳೆದು ಹಾಗೇ ಹಿಡಿಯಿರಿ. ಹಿಡಿದಿರುವಾಗಲೇ ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ಚಾವಿಯನ್ನು ಮೆಲ್ಲಗೆ ತಿರುಗಿಸಿ. ಬಹಳ ಸಲ ಇಷ್ಟಕ್ಕೇ ‘ಟಕ್’ ಎಂದು ಬಿಡುತ್ತದೆ.

4. ಬಿಡದಿದ್ದರೆ ಚಾವಿಗೆ ಅದೇ ಹಗುರ ಒತ್ತಡ ಇಟ್ಟುಕೊಂಡು ಸ್ಟೀರಿಂಗನ್ನು ನಿಧಾನವಾಗಿ ಅತ್ತಿತ್ತ ಆಡಿಸಿ. ಜಗ್ಗಾಡಿದರೆ ಗೂಟ ಬಿಡುಗಡೆಯಾಗುವ ಆ ನಡುವಿನ ಬಿಂದು ಕ್ಷಣಾರ್ಧದಲ್ಲಿ ದಾಟಿಹೋಗುತ್ತದೆ. ಮೆಲ್ಲಗೆ ಆಡಿಸಿದರೇ ಅದು ಕೈಗೆ ಸಿಗುವುದು.

ಎಂಜಿನ್ ಬಂದಾದಾಗ ಪವರ್ ಸ್ಟೀರಿಂಗಿನ ನೆರವು ಇರುವುದಿಲ್ಲವಾದ್ದರಿಂದ ಕೈಗೆ ಭಾರ ಹೆಚ್ಚು ಅನ್ನಿಸುತ್ತದೆ. ಅದು ಸಹಜ. ಎರಡೂ ಕೈ ಬೇಕಾದರೆ ಸ್ಟೀರಿಂಗ್ ಹಿಡಿಯಲು ನೀವು ಕೂತು, ಚಾವಿ ತಿರುಗಿಸಲು ಇನ್ನೊಬ್ಬರನ್ನು ಕಿಟಕಿಯ ಬಳಿ ನಿಲ್ಲಿಸಿಕೊಳ್ಳಿ.

ಇಷ್ಟಕ್ಕೂ ಜಗ್ಗದಿದ್ದರೆ ಕೆಳಗಿಳಿದು ಮುಂದಿನ ಗಾಲಿ ನೋಡಿ. ಕಲ್ಲಿಗೆ ಒತ್ತಿದೆಯೇ? ಸಮತಟ್ಟಾದ ನೆಲದಲ್ಲಿರುವ ಮ್ಯಾನ್ಯುಯಲ್ ಗಾಡಿಯಾದರೆ ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಇಳಿಸಿ, ಇಬ್ಬರು ಸೇರಿ ಗಾಡಿಯನ್ನು ಒಂದೆರಡು ಇಂಚು ಹಿಂದಕ್ಕೆ ನೂಕಿದರೆ ಬಿಗುವು ಇಳಿಯುತ್ತದೆ. ಮತ್ತೆ ಹ್ಯಾಂಡ್ ಬ್ರೇಕ್ ಹಾಕಿ ಮೇಲಿನ ಕ್ರಮವನ್ನೇ ಮಾಡಿ. ನೂಕಲು ಜನ ಸಿಗದಿದ್ದರೆ ಹಿಂದಿನ ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಜ್ಯಾಕ್ ಹಾಕಿ, ಒತ್ತಿಕೊಂಡಿರುವ ಮುಂದಿನ ಗಾಲಿಯನ್ನು ನೆಲ ಬಿಡುವಷ್ಟು ಮಾತ್ರ ಎತ್ತಿ. ಟೈರ್ ನೆಲ ಬಿಟ್ಟ ಕೂಡಲೇ ದಂಡದ ಬಿಗುವು ಹೋಗುತ್ತದೆ. ಇವೆರಡೂ ಸಮ ನೆಲದ ಉಪಾಯಗಳು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಬಿಡುವುದು, ಜ್ಯಾಕ್ ಹಾಕುವುದು ಎರಡೂ ಪ್ರಾಣಕ್ಕೆ ಅಪಾಯ. ಲಾಕ್ ಆದ ಸ್ಟೀರಿಂಗಿನ ಗಾಡಿ ಉರುಳಿದರೆ ತಿರುಗಿಸಲೂ ಬರುವುದಿಲ್ಲ.

ಮುಂದೆ ಹೀಗಾಗದಂತೆ ನೋಡಿಕೊಳ್ಳುವುದು ಸುಲಭ. ಗಾಲಿ ನೇರ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಕಾಲುಬ್ರೇಕ್ ಬಿಟ್ಟು, ಕೊನೆಗೆ ಎಂಜಿನ್ ಬಂದ್ ಮಾಡಿ. ಚಾವಿ ತೆಗೆದ ಮೇಲೆ ಸ್ಟೀರಿಂಗ್ ಹಿಡಿದು ಏಳಬೇಡಿ. ಘಾಟಿನಲ್ಲಿ ಗಾಲಿಯನ್ನು ರಸ್ತೆಯಂಚಿಗೆ ತಿರುಗಿಸಿ ನಿಲ್ಲಿಸುವುದು ಸರಿಯಾದ ಪದ್ಧತಿಯೇ, ಅದನ್ನು ಬಿಡಬೇಡಿ. ಅಲ್ಲಿ ಲಾಕ್ ಬಿಗಿಯುತ್ತದೆ ಎಂದು ಗೊತ್ತಿದ್ದರೆ ಸಾಕು.

ಚಾವಿಯನ್ನೇ ಪರೀಕ್ಷಿಸುವುದು

ಸ್ಟೀರಿಂಗ್ ಎರಡೂ ಬದಿಗೆ ಸಡಿಲವಾಗಿಯೇ ಆಡುತ್ತಿದ್ದು ಚಾವಿ ಮಾತ್ರ ತಿರುಗದಿದ್ದರೆ, ಗೂಟವನ್ನು ಬಿಟ್ಟು ಚಾವಿಯ ಕಡೆ ಬನ್ನಿ. ಲಾಕಿನ ತಿರುಳಿನಲ್ಲಿ ಹಿತ್ತಾಳೆಯ ತೆಳು ಪಟ್ಟಿಗಳು ಸಾಲಾಗಿ ಕೂತಿರುತ್ತವೆ. ಒಂದೊಂದರ ಹಿಂದೆಯೂ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಸರಿಯಾದ ಚಾವಿ ಒಳಹೊಕ್ಕಾಗ ಅದರ ಏರಿಳಿತಕ್ಕೆ ತಕ್ಕಂತೆ ಎಲ್ಲ ಪಟ್ಟಿಗಳೂ ತಿರುಳಿನ ಮೈಗೆ ಸಮನಾಗಿ ನಿಲ್ಲುತ್ತವೆ. ಒಂದೇ ಒಂದು ಪಟ್ಟಿ ಹೊರಗೆ ಚಾಚಿಕೊಂಡಿದ್ದರೂ ತಿರುಳು ತಿರುಗುವುದಿಲ್ಲ. ಚಾವಿಯ ಒಂದು ಕಡಿತದ ಆಳಕ್ಕೂ ಮುಂದಿನ ಆಳಕ್ಕೂ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟೇ ವ್ಯತ್ಯಾಸ. ವರ್ಷಗಟ್ಟಲೆ ಉಜ್ಜಿ ಅದರ ಅರ್ಧದಷ್ಟು ಸವೆದರೂ ಲಾಕಿಗೆ ಅದು ಪರಕೀಯ ಚಾವಿ.

ಮನೆಯಲ್ಲಿಟ್ಟ ಎರಡನೇ ಚಾವಿ ತರಿಸಿ ಹಾಕಿ ನೋಡುವುದೇ ಎಲ್ಲಕ್ಕಿಂತ ಖಚಿತ ಪರೀಕ್ಷೆ. ಅದು ಸಲೀಸಾಗಿ ತಿರುಗಿದರೆ ಲಾಕ್ ಚೆನ್ನಾಗಿದೆ, ದಿನಬಳಕೆಯ ಚಾವಿ ಸವೆದಿದೆ. ಎರಡನೇ ಚಾವಿ ದೂರದಲ್ಲಿದ್ದರೆ ಕೈಯಲ್ಲಿರುವುದನ್ನೇ ಡ್ರೈವರ್ ಬಾಗಿಲಿನ ಲಾಕಿಗೆ ಹಾಕಿ. ಬಾಗಿಲಿಗೂ ತೊಡಕಾದರೆ ಅನುಮಾನ ಚಾವಿಯ ಮೇಲೆ. ಬಾಗಿಲಿಗೆ ಸಲೀಸು, ಇಗ್ನಿಷನ್‌ಗೆ ಮಾತ್ರ ತೊಡಕು ಎಂದರೆ ಅನುಮಾನ ಇಗ್ನಿಷನ್ ಲಾಕಿನ ಕಡೆ ವಾಲುತ್ತದೆ, ಆದರೆ ಖಾತ್ರಿಯಲ್ಲ. ಹಲವು ಕಾರುಗಳಲ್ಲಿ ಬಾಗಿಲಿನ ಲಾಕಿಗೆ ಪಟ್ಟಿಗಳು ಕಡಿಮೆ, ರಿಮೋಟ್ ಬಂದ ಮೇಲೆ ಅದರ ಬಳಕೆಯೂ ಕಡಿಮೆ; ಅರ್ಧ ಸವೆದ ಚಾವಿಯನ್ನೂ ಅದು ಒಪ್ಪಿಕೊಳ್ಳಬಹುದು.

ಸವೆತ ಕಣ್ಣಿಗೂ ಕಾಣುತ್ತದೆ. ಹೊಸ ಚಾವಿಯ ಕಡಿತಗಳಿಗೆ ಚೂಪಾದ ಅಂಚು, ಸಮತಟ್ಟಾದ ತಳ ಇರುತ್ತದೆ. ಸವೆದ ಚಾವಿಯಲ್ಲಿ ಗುಡ್ಡಗಳು ದುಂಡಗಾಗಿ ತುದಿ ಹೊಳೆಯುತ್ತಿರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಚಾವಿ ಹೊರಗೆ ಜಾರಿ ಬರುವಂತಿದ್ದರೆ ಸವೆತ ಬಹಳ ಮುಂದುವರಿದಿದೆ ಎಂದು ತಿಳಿಯಿರಿ. ಕೆಲವರು ಅದನ್ನು ತಮ್ಮ ಗಾಡಿಯ ಅನುಕೂಲವೆಂದು ತೋರಿಸಿ ನಗುತ್ತಾರೆ! ಬಾಗಿದೆಯೇ ಎಂದು ನೋಡಲು ಚಾವಿಯನ್ನು ಕಿಟಕಿಯ ಗಾಜಿನ ಮೇಲೆ ಅಥವಾ ನಯವಾದ ಟೈಲ್ಸಿನ ಮೇಲೆ ಮಲಗಿಸಿ, ಕೆಳಗೆ ಬೆಳಕು ತೂರುತ್ತದೆಯೇ ಗಮನಿಸಿ. ಬಾಗಿದ್ದರೆ ಎರಡು ಮರದ ತುಂಡಿನ ನಡುವೆ ಇಟ್ಟು ಮೆಲ್ಲಗೆ ಒತ್ತಿ ನೇರ ಮಾಡಬಹುದು, ಆದರೆ ಒಂದು ಸಲ ಮಾತ್ರ. ಅದೇ ಜಾಗದಲ್ಲಿ ಮತ್ತೆ ಬಾಗಿಸಿ ನೇರ ಮಾಡಿದರೆ ಲೋಹ ಬಿರುಕು ಬಿಟ್ಟು ಲಾಕಿನೊಳಗೇ ಮುರಿಯುತ್ತದೆ. ಮಡಚುವ ಚಾವಿಯಾದರೆ ಎಲೆಯ, ಅಂದರೆ ಲಾಕಿನೊಳಗೆ ಹೋಗುವ ಭಾಗದ, ಬುಡ ಅಲುಗುತ್ತಿದೆಯೇ ನೋಡಿ. ಅಲ್ಲಿನ ಸಣ್ಣ ಪಿನ್ ಸಡಿಲವಾದರೆ ನೀವು ತಿರುಗಿಸುವ ಬಲ ಎಲೆಗೆ ನೇರವಾಗಿ ಮುಟ್ಟುವುದಿಲ್ಲ. ಇದು ಚಾವಿ ಮಾಡುವವರ ಅಂಗಡಿಯಲ್ಲಿ ಐದು ನಿಮಿಷದ ಕೆಲಸ.

ಸವೆದ ಚಾವಿಯಿಂದಲೇ ಮನೆ ಮುಟ್ಟಬೇಕಾದಾಗ ಎರಡು ಉಪಾಯಗಳಿವೆ. ಎರಡೂ ಅಂಚಿಗೆ ಒಂದೇ ಕಡಿತವಿರುವ ಚಾವಿಯಾದರೆ ತೆಗೆದು ಮಗುಚಿ ಹಾಕಿ. ಹಲವು ಲಾಕುಗಳಲ್ಲಿ ಕೆಲವು ಪಟ್ಟಿಗಳು ಮೇಲಂಚನ್ನೂ ಕೆಲವು ಕೆಳಂಚನ್ನೂ ಮುಟ್ಟುವುದರಿಂದ, ಮಗುಚಿದಾಗ ಸವೆತ ಬೇರೆ ಪಟ್ಟಿಗಳ ಪಾಲಾಗಿ ಲಾಕ್ ತೆರೆದುಕೊಳ್ಳುವುದುಂಟು. ಇಲ್ಲವಾದರೆ ಚಾವಿಯನ್ನು ಪೂರ್ತಿ ಒಳಗೆ ಹಾಕಿ, ಒಂದು ಮಿಲಿಮೀಟರಿನಷ್ಟು ಹಿಂದಕ್ಕೆಳೆದು, ತುಸು ಮೇಲೆ ಕೆಳಗೆ ಆಡಿಸುತ್ತ ತಿರುಗಿಸಿ. ತಿರುಗಿತೆಂದು ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಲಾಕಿನ ತಿರುಳನ್ನು ಸುಲಭವಾಗಿ ಹೊರತೆಗೆಯಲು ಹೆಚ್ಚಿನ ಕಾರುಗಳಲ್ಲಿ ಚಾವಿ ಎಸಿಸಿಗೆ (ಲಾಕಿಗೂ ಆನ್‌ಗೂ ನಡುವಿನ ಸ್ಥಾನಕ್ಕೆ) ತಿರುಗಿರಲೇಬೇಕು, ಆಗಷ್ಟೇ ಹಿಡಿದಿರುವ ಸಣ್ಣ ಪಿನ್ನನ್ನು ಒತ್ತಿ ತಿರುಳನ್ನು ಎಳೆಯಲು ಬರುತ್ತದೆ. ಪೂರ್ತಿ ಸಿಕ್ಕಿಬಿದ್ದ ಮೇಲೆ ಡ್ರಿಲ್ಲಿಂಗೇ ದಾರಿ. ತೊಡಕಾದರೂ ಚಾವಿ ತಿರುಗುತ್ತಿರುವ ದಿನಗಳೇ ರಿಪೇರಿಗೆ ಸರಿಯಾದ ಕಾಲ.

ಹೊಸ ಚಾವಿ ಮಾಡಿಸುವಾಗ ಬಹಳ ಜನ ಎಡವುವುದು ಒಂದೇ ಕಡೆ. ಸವೆದ ಚಾವಿಯನ್ನೇ ಮಾದರಿಯಾಗಿ ಕೊಡುತ್ತಾರೆ. ಯಂತ್ರ ಆ ಸವೆತವನ್ನೂ ನಿಷ್ಠೆಯಿಂದ ಕತ್ತರಿಸಿಕೊಡುತ್ತದೆ, ಜೊತೆಗೆ ತನ್ನದೂ ಒಂದಿಷ್ಟು ತಪ್ಪು ಸೇರಿಸುತ್ತದೆ. ಮಾದರಿಯಾಗಿ ಬಳಸದೇ ಇಟ್ಟ ಎರಡನೇ ಚಾವಿಯನ್ನು ಕೊಡಿ. ಅದೂ ಇಲ್ಲವಾದರೆ ಹೊಸ ಗಾಡಿಯ ಜೊತೆ ಬಂದ ಪುಟ್ಟ ಬಿಲ್ಲೆಯ ಮೇಲಿನ ಚಾವಿ ನಂಬರ್ ಹುಡುಕಿ. ಆ ನಂಬರಿನ ಮೇಲೆ ಕಂಪನಿಯ ಮೂಲ ಅಳತೆಯಲ್ಲೇ ಚಾವಿ ಕತ್ತರಿಸಿ ಕೊಡಲು ಬರುತ್ತದೆ. ಬಿಲ್ಲೆಯನ್ನು ಚಾವಿ ಗೊಂಚಲಿಗೆ ಕಟ್ಟಬೇಡಿ, ಗೊಂಚಲು ಸಿಕ್ಕವನಿಗೆ ನಂಬರೂ ಸಿಕ್ಕಿದ ಹಾಗಾಗುತ್ತದೆ. ಫೋಟೋ ತೆಗೆದು ಆರ್‌ಸಿ ಪ್ರತಿಯೊಂದಿಗೆ ಮನೆಯಲ್ಲಿಡಿ. ಪುಣೆ, ಗೋವಾ ಕಡೆಯ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಎನ್‌ಒಸಿ ಕೇಳುವ ಹೊತ್ತಿಗೇ ಎರಡೂ ಚಾವಿ ಮತ್ತು ಈ ಬಿಲ್ಲೆಯನ್ನು ಕೇಳಬೇಕು.

ಚಾವಿಯ ಎಲೆಯ ಮೈಮೇಲೆ ಹಾವಿನಂಥ ತೋಡು ಕೊರೆದಿರುವ ನಮೂನೆಯಾದರೆ ಅದನ್ನು ಅರದಿಂದ ಉಜ್ಜಿ ಮಾಡಲಾಗದು, ಅದಕ್ಕೆ ಬೇರೆ ಯಂತ್ರವೇ ಬೇಕು. ಮೊದಲೇ ಕೇಳಿಕೊಂಡು ಹೋಗಿ. ಚಿಪ್ ಇರುವ ಚಾವಿಯಾದರೆ ಕತ್ತರಿಸುವ ಕೆಲಸ ಒಂದು, ಗಾಡಿಗೆ ಅದನ್ನು ಪರಿಚಯಿಸುವ ಪ್ರೋಗ್ರಾಮಿಂಗ್ ಇನ್ನೊಂದು. ಎರಡಕ್ಕೂ ಸೇರಿ ದರ ಮಾತಾಡಿ.

ಧೂಳು, ಭಂಡಾರ ಮತ್ತು ಎಣ್ಣೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಲಾಕಿನೊಳಗೆ ಹೋಗಬಾರದ್ದು ಹೋಗಲು ಕಾರಣಗಳಿಗೆ ಬರವಿಲ್ಲ. ವಿಜಯಪುರದ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗಿದ್ದು, ಒಂದಿಷ್ಟು ತೇವ ತಾಗಿದರೆ ಅಂಟಾಗುತ್ತದೆ. ಇಳಕಲ್ಲಿನ ಗ್ರಾನೈಟ್ ಕೊಯ್ಯುವ ಕಡೆ ಹಾರುವ ಪುಡಿಯಲ್ಲಿ ಹಿತ್ತಾಳೆಗಿಂತ ಎಷ್ಟೋ ಗಟ್ಟಿಯಾದ ಬೆಣಚುಕಲ್ಲಿನ ಕಣಗಳಿರುತ್ತವೆ. ಅದು ಚಾವಿಯನ್ನೂ ಪಟ್ಟಿಗಳನ್ನೂ ಅರದಂತೆ ಸವೆಸುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪುಗಳಲ್ಲಿ ಕೆಲಸ ಮಾಡುವವರ ಕಿಸೆಯಲ್ಲಿ ಕಬ್ಬಿಣದ ಚೂರು ಚಾವಿಗೆ ಮೆತ್ತಿಕೊಳ್ಳುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಓಡಾಡುವ ಕೈಗಳ ಅಂಟು ಬೇರೆ. ಖಂಡೇಪೂಜೆಯ (ಆಯುಧಪೂಜೆಯ) ದಿನ ಚಾವಿಗೂ ಇಗ್ನಿಷನ್ ಬಾಯಿಗೂ ಹಚ್ಚಿದ ಕುಂಕುಮ, ಸವದತ್ತಿ ಯಲ್ಲಮ್ಮನ ಗುಡ್ಡದಿಂದ ಬಂದ ಭಂಡಾರದ ಅರಿಶಿನ, ಇವು ಒಳಗಿನ ಹಳೆಯ ಎಣ್ಣೆಗೆ ಬೆರೆತು ಮುದ್ದೆಯಾದರೆ ಆ ಸಣ್ಣ ಸ್ಪ್ರಿಂಗುಗಳಿಗೆ ಪಟ್ಟಿಯನ್ನು ದೂಡುವ ತ್ರಾಣ ಇರುವುದಿಲ್ಲ. ಪೂಜೆಗೆ ಸ್ಟೀರಿಂಗಿನ ನಡುಭಾಗಕ್ಕೋ ಡ್ಯಾಶ್‌ಬೋರ್ಡಿಗೋ ಹಚ್ಚಿ, ಚಾವಿಯ ತೂತನ್ನು ಬಿಡಿ.

ಒಳಗೆ ಕೊಳೆ ಇದೆ ಎನ್ನುವುದಕ್ಕೆ ಗುರುತುಗಳು: ಚಾವಿ ಒಳಗೆ ಹೋಗುವಾಗಲೇ ಕರಕರ ಅನ್ನುತ್ತದೆ, ಕೊನೆಯವರೆಗೆ ಹೋಗಲು ತಡೆಯುತ್ತದೆ, ಹೊರತೆಗೆದಾಗ ಎಲೆಯ ಮೇಲೆ ಕಪ್ಪು ಜಿಡ್ಡು ಇರುತ್ತದೆ.

ತೊಳೆಯುವುದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಳ್ಳೆಯದು. ಅದು ಹೊತ್ತಿಕೊಳ್ಳುವ ದ್ರವ. ನಾಲ್ಕೂ ಬಾಗಿಲು ತೆರೆದಿಡಿ, ಬೀಡಿ ಸಿಗರೇಟು ದೂರವಿರಲಿ, 10 ನಂಬರಿನ ಪಾನಾದಿಂದ (ಸ್ಪ್ಯಾನರಿನಿಂದ) ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಲಾಕಿನ ಕೆಳಗೆ ಹಳೆಯ ಬಟ್ಟೆ ಹಿಡಿದು, ಸ್ಪ್ರೇಯ ಸಣ್ಣ ನಳಿಕೆಯನ್ನು ಚಾವಿಯ ತೂತಿಗೆ ಇಟ್ಟು ಒಂದು ಸೆಕೆಂಡಿನಷ್ಟು ಮಾತ್ರ ಒತ್ತಿ. ಚಾವಿಯನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆಯಿರಿ, ಪ್ರತಿ ಸಲವೂ ಬಟ್ಟೆಯಿಂದ ಒರೆಸಿ. ಕಪ್ಪು ಬರುವುದು ನಿಲ್ಲುವವರೆಗೆ ಎರಡು ಮೂರು ಸುತ್ತು ಬೇಕಾಗಬಹುದು. ಡಬ್ಬಿಯನ್ನೇ ಖಾಲಿ ಮಾಡಬೇಡಿ. ಲಾಕಿನ ಹಿಂದೆಯೇ ವಿದ್ಯುತ್ತಿನ ಇಗ್ನಿಷನ್ ಸ್ವಿಚ್ ಇದೆ, ಹೆಚ್ಚಾದ ದ್ರವ ಕರಗಿದ ಕೊಳೆಯನ್ನು ಅಲ್ಲಿಗೆ ಒಯ್ಯುತ್ತದೆ. ಆಮೇಲೆ ಕಾಲು ಗಂಟೆ ಆರಲು ಬಿಡಿ.

ಪಟ್ಟಿಯೊಂದು ಅಂಟಿಕೊಂಡಿದೆ ಅನ್ನಿಸಿದರೆ ಚಾವಿ ಹಾಕಿದ ಹಾಗೇ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಚಾವಿಯ ತಲೆಗೆ ಮೂರು ನಾಲ್ಕು ಸಲ ಹಗುರವಾಗಿ ತಟ್ಟಿ ತಿರುಗಿಸಿ ನೋಡಿ. ತಟ್ಟುವುದು ಎಂದರೆ ಬಾಗಿಲು ತಟ್ಟುವಷ್ಟೇ. ಚಿಪ್ ಇರುವುದು ಆ ತಲೆಯಲ್ಲೇ, ಲಾಕಿನ ಬಾಯಿಯ ಸುತ್ತ ಅದನ್ನು ಓದುವ ತಂತಿಯ ಸುರುಳಿಯೂ ಇದೆ.

ಕಂಪ್ರೆಸರ್ ಗಾಳಿ ಹೊಡೆಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ನಳಿಕೆಯನ್ನು ತೂತಿಗೆ ನೇರ ಇಟ್ಟು ಹೊಡೆದರೆ ಧೂಳು ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಓರೆಯಾಗಿ, ಸ್ವಲ್ಪ ದೂರದಿಂದ, ಬಿಟ್ಟು ಬಿಟ್ಟು ಊದಿಸಿ.

ತೊಳೆದ ಲಾಕಿಗೆ ಒಣ ಜಾರುಪುಡಿ ಬೇಕು. ಗ್ರ್ಯಾಫೈಟ್ ಪುಡಿಯ ಡಬ್ಬಿ ಸಿಕ್ಕರೆ ಒಂದೆರಡು ಸಲ ಹಿಸುಕಿದಷ್ಟು ಸಾಕು. ಗ್ರ್ಯಾಫೈಟ್ ವಿದ್ಯುತ್ತನ್ನು ಹರಿಸುವ ವಸ್ತು, ಮುಷ್ಟಿಗಟ್ಟಲೆ ತುಂಬಬಾರದು. ಡಬ್ಬಿ ಸಿಗದಿದ್ದರೆ ಚಿತ್ರ ಬಿಡಿಸುವ ಮಕ್ಕಳ ಹತ್ತಿರವಿರುವ 4ಬಿ ಅಥವಾ 6ಬಿ ಪೆನ್ಸಿಲ್ಲನ್ನು ಚಾವಿಯ ಎರಡೂ ಮೈಗೆ, ಕಡಿತಗಳಿಗೆ ಕಪ್ಪಾಗುವಷ್ಟು ಉಜ್ಜಿ, ಏಳೆಂಟು ಸಲ ಹಾಕಿ ತೆಗೆಯಿರಿ. ಎಚ್‌ಬಿಯಲ್ಲಿ ಜೇಡಿಯ ಪಾಲು ಹೆಚ್ಚು, ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ. ಪಿಟಿಎಫ್‌ಇ ಎಂದು ಬರೆದಿರುವ ಒಣ ಸ್ಪ್ರೇ ಇದ್ದರೆ ಅದೂ ನಡೆಯುತ್ತದೆ. ಎರಡರಲ್ಲಿ ಒಂದನ್ನೇ ಬಳಸಿ.

ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ನಿನ ಎಣ್ಣೆ, ಎಂಜಿನ್ ಆಯಿಲ್, ಗ್ರೀಸು ಇವು ಹಾಕಿದ ದಿನ ಚಾವಿ ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ತಿರುಗುತ್ತದೆ. ಅದಕ್ಕೇ ಜನ ಮತ್ತೆ ಮತ್ತೆ ಹಾಕುತ್ತಾರೆ. ಕೆಲವು ವಾರಗಳಲ್ಲಿ ಅದೇ ಎಣ್ಣೆ ಧೂಳನ್ನು ಹಿಡಿದು ಕೆಸರಾಗಿ ಮೊದಲಿಗಿಂತ ಬಿಗಿಯಾಗುತ್ತದೆ. ಡಬ್ಲ್ಯುಡಿ-40 ಸ್ಪ್ರೇ ಮಳೆಯ ತೇವ ಹೊರಹಾಕಲು, ದಾರಿಯ ನಡುವೆ ಸಿಕ್ಕಿಬಿದ್ದಾಗ ಒಮ್ಮೆ ಬಿಡಿಸಿಕೊಳ್ಳಲು ಬಹಳ ಉಪಯೋಗಿ. ಖಾನಾಪುರದ ಮಳೆಗಾಲದಲ್ಲಿ, ಕಡಲ ಉಪ್ಪುಗಾಳಿಯಲ್ಲಿ ತಿರುಗಿ ಬಂದ ಗೋವಾ ಗಾಡಿಗಳಲ್ಲಿ ಅದರ ಕೆಲಸ ಕಾಣುತ್ತದೆ. ಆದರೆ ಅದೂ ತೆಳು ಎಣ್ಣೆಯ ಪದರ ಬಿಟ್ಟು ಹೋಗುತ್ತದೆ. ಆಮೇಲೆ ತೊಳೆದು ಒಣ ಪುಡಿ ಹಾಕಲೇಬೇಕು. ಎಣ್ಣೆ ಇರುವ ಲಾಕಿಗೆ ಗ್ರ್ಯಾಫೈಟ್ ಹಾಕಿದರೆ ಕಪ್ಪು ಪೇಸ್ಟ್ ಆಗುತ್ತದೆ, ಬಿಡಿಸುವವನಿಗೆ ಅದಕ್ಕಿಂತ ತಲೆನೋವು ಬೇರೆ ಇಲ್ಲ.

ಬಿಸಿಲಿಗೆ ಚಾವಿ ಉಬ್ಬಿ ಸಿಕ್ಕಿಕೊಳ್ಳುತ್ತದೆ ಎಂಬ ಮಾತು ವಿಜಯಪುರದ ಮೇ ತಿಂಗಳಲ್ಲಿ ಖಂಡಿತ ಕಿವಿಗೆ ಬೀಳುತ್ತದೆ. ಎಂಟು ಮಿಲಿಮೀಟರ್ ಅಗಲದ ಹಿತ್ತಾಳೆ ಚಾವಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು, ಲಾಕೂ ಅದರ ಜೊತೆಗೇ ಹಿಗ್ಗುತ್ತದೆ. ಬೇಸಿಗೆಯಲ್ಲಿ ಮಾತ್ರ ಬಿಗಿಯುವ ಲಾಕಿನಲ್ಲಿ ಹುಡುಕಬೇಕಾದದ್ದು ಒಣಗಿ ಅಂಟಾದ ಹಳೆಯ ಗ್ರೀಸನ್ನು.

ಹೊರಗೆ ಬಾರದ ಚಾವಿ

ತಿರುಗಿದ್ದು ಲಾಕಿಗೆ ವಾಪಸ್ ಬಾರದಿದ್ದರೆ ಆಟೋಮ್ಯಾಟಿಕ್‌ನಲ್ಲಿ ಗೇರ್ ನೋಡಿ. ‘ಪಿ’ಗೆ ಪೂರ್ತಿ ಕೂರದೆ ಚಾವಿ ಬಿಡುವುದಿಲ್ಲ. ಬ್ರೇಕ್ ಒತ್ತಿ ಗೇರನ್ನು ಒಮ್ಮೆ ಹಿಂದಕ್ಕೆ ತಂದು ಮತ್ತೆ ‘ಪಿ’ಗೆ ಗಟ್ಟಿಯಾಗಿ ದೂಡಿ. ಅನೇಕ ಮ್ಯಾನ್ಯುಯಲ್ ಗಾಡಿಗಳಲ್ಲಿ ಎಸಿಸಿಯಿಂದ ಲಾಕಿಗೆ ಬರಲು ಚಾವಿಯನ್ನು ಒಳಕ್ಕೆ ಒತ್ತಿ ತಿರುಗಿಸಬೇಕು. ಬೇರೆಯವರ ಗಾಡಿ ಓಡಿಸಿದವರಿಗೆ ಇದು ಗೊತ್ತಿರುವುದಿಲ್ಲ. ಏನು ಮಾಡಿದರೂ ಬಾರದೆ ರಾತ್ರಿ ಕಳೆಯಬೇಕಾದರೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ, ಇಲ್ಲವಾದರೆ ಬೆಳಿಗ್ಗೆಗೆ ಬ್ಯಾಟರಿಯೂ ಇರುವುದಿಲ್ಲ. ಎಂಜಿನ್ ಹತ್ತಿದ ಮೇಲೂ ಚಾವಿ ಸ್ಟಾರ್ಟ್ ಸ್ಥಾನದಲ್ಲೇ ಸಿಕ್ಕಿ ಸ್ಟಾರ್ಟರ್ ಕಿರುಚುತ್ತಿದ್ದರೆ ತಡ ಮಾಡಬೇಡಿ, ಚಾವಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಆಗದಿದ್ದರೆ ತಕ್ಷಣ ಬ್ಯಾಟರಿ ತಂತಿ ತೆಗೆಯಿರಿ. ಮೋಟಾರ್ ಸುಡಲು ಹೆಚ್ಚು ಹೊತ್ತು ಬೇಡ.

ಚಾವಿ ಒಳಗೇ ಮುರಿದರೆ ಉಳಿದ ತುಂಡನ್ನಾಗಲಿ ಎರಡನೇ ಚಾವಿಯನ್ನಾಗಲಿ ಅದರ ಹಿಂದೆ ತುರುಕಬೇಡಿ, ಫೆವಿಕ್ವಿಕ್ ಹಚ್ಚಿ ಎಳೆಯುವ ಪ್ರಯೋಗವಂತೂ ಬೇಡವೇ ಬೇಡ. ಅಂಟು ಪಟ್ಟಿಗಳಿಗೆ ಹರಿದರೆ ಲಾಕ್ ಕಸ. ತುಂಡಿನ ಅಂಚು ಹೊರಗೆ ಕಾಣುತ್ತಿದ್ದರೆ ಚಿಮಟಿಗೆಯಿಂದ ನೇರವಾಗಿ ಎಳೆಯಿರಿ. ಕಾಣದಿದ್ದರೆ ಚಾವಿ ಮಾಡುವವರ ಹತ್ತಿರ ಕೊಕ್ಕೆಯ ತೆಳು ಕಡ್ಡಿ ಇರುತ್ತದೆ. ಎರಡೂ ತುಂಡು ಕೈಗೆ ಬಂದರೆ ಜೋಡಿಸಿ ಹೊಸದನ್ನು ಕತ್ತರಿಸಲು ಬರುತ್ತದೆ, ಚಿಪ್ ಇರುವ ತಲೆಯನ್ನು ಎಸೆಯಬೇಡಿ.

ಬಟನ್ ಒತ್ತುವ ಗಾಡಿಗಳಿಗೆ ತೂತೇ ಇಲ್ಲವಾದರೂ ಸ್ಟೀರಿಂಗ್ ಲಾಕ್ ಇರುವ ಮಾದರಿಗಳಲ್ಲಿ ಅದೇ ಗೂಟವನ್ನು ಮೋಟಾರ್ ಎಳೆಯುತ್ತದೆ. ಬ್ರೇಕ್ ಒತ್ತಿ, ಸ್ಟೀರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತ ಬಟನ್ ಒತ್ತಿ. ಗಾಡಿ ರಿಮೋಟನ್ನೇ ಗುರುತಿಸದಿದ್ದರೆ ಅದರ ಸೆಲ್ ಮುಗಿದಿರಬಹುದು. ಹಲವು ಮಾದರಿಗಳಲ್ಲಿ ರಿಮೋಟನ್ನು ಬಟನ್ನಿಗೇ ತಾಗಿಸಿ ಹಿಡಿದರೆ ಸ್ಟಾರ್ಟ್ ಆಗುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾದಾಗ

ಎರಡನೇ ಚಾವಿಯೂ ತಿರುಗದೆ, ಸ್ಟೀರಿಂಗ್ ಗೂಟದ ಮೇಲೆ ಭಾರವಿಲ್ಲದಿದ್ದು, ತೊಳೆದರೂ ಬದಲಾಗದಿದ್ದರೆ ಲಾಕ್ ಬಿಚ್ಚಲೇಬೇಕು. ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ, ಲಾಕ್ ಆದ ಸ್ಟೀರಿಂಗ್ ತಿರುವಿನಲ್ಲಿ ತಿರುಗುವುದಿಲ್ಲ. ಇಡೀ ಗಾಡಿಯನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಬೇಕು. ವಿಮೆಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಮೊದಲು ಆ ನಂಬರಿಗೆ ಫೋನ್ ಮಾಡಿ. ಚಾವಿ ಬದಲಾವಣೆಯ ಆಡ್-ಆನ್ ಇದೆಯೇ ಎಂದೂ ಪಾಲಿಸಿಯಲ್ಲಿ ನೋಡಿ. ಚಾವಿ ಮಾಡುವವರು ಸ್ಥಳಕ್ಕೇ ಬರುವುದಾದರೆ ಆರ್‌ಸಿ ಮತ್ತು ಗುರುತಿನ ಚೀಟಿ ಕೈಯಲ್ಲಿರಲಿ. ಅವನ್ನು ಕೇಳದೆ ಗಾಡಿ ತೆರೆದುಕೊಡುವವರ ಬಗ್ಗೆ ತುಸು ಯೋಚಿಸಬೇಕು.

ಇಗ್ನಿಷನ್ ಲಾಕ್ ಎಂದು ಒಂದೇ ಹೆಸರಿನಿಂದ ಕರೆಯುವ ಜಾಗದಲ್ಲಿ ಮೂರು ಭಾಗಗಳಿವೆ: ಪಟ್ಟಿಗಳಿರುವ ತಿರುಳು, ಸ್ಟೀರಿಂಗ್ ಗೂಟವಿರುವ ಮನೆ, ಹಿಂಬದಿಯ ವಿದ್ಯುತ್ ಸ್ವಿಚ್. ಕೆಟ್ಟದ್ದು ಯಾವುದೆಂದು ಕೇಳಿ. ಎಷ್ಟೋ ಸಲ ತಿರುಳನ್ನಷ್ಟೇ ತೆಗೆದು, ಸವೆದ ಪಟ್ಟಿಗಳನ್ನು ಬದಲಿಸಿ, ಹಳೆಯ ಚಾವಿಗೇ ಹೊಂದಿಸಲು ಬರುತ್ತದೆ. ಅಡ್ಡದಾರಿಯೂ ಒಂದಿದೆ, ತೊಡಕು ಕೊಡುವ ಎರಡು ಮೂರು ಪಟ್ಟಿಗಳನ್ನು ಕಿತ್ತೆಸೆಯುವುದು. ಚಾವಿ ಸಲೀಸಾಗಿ ತಿರುಗುತ್ತದೆ ನಿಜ, ಆದರೆ ಬೇರೆ ಗಾಡಿಯ ಚಾವಿಗೂ ಆ ಲಾಕ್ ತೆರೆದುಕೊಳ್ಳುವ ಸಂಭವ ಹೆಚ್ಚುತ್ತದೆ. ಸ್ಟೀರಿಂಗ್ ಗೂಟವನ್ನೇ ಕತ್ತರಿಸಿ ‘ಇನ್ನು ತಾಪತ್ರಯ ಇಲ್ಲ’ ಎನ್ನುವವರಿಗೂ ಒಪ್ಪಬೇಡಿ. ಕಳ್ಳನಿಗೆ ಅಡ್ಡ ನಿಲ್ಲುವ ಒಂದು ಉಕ್ಕಿನ ತುಂಡು ಅದು.

ಲಾಕಿನ ಮನೆಯನ್ನೇ ಬದಲಿಸಬೇಕಾದರೆ ಅದನ್ನು ಹಿಡಿದಿರುವ ಬೋಲ್ಟುಗಳ ತಲೆ, ಬಿಗಿ ಮಾಡಿದ ಮೇಲೆ ತುಂಡಾಗಿ ಹೋಗುವ ಬಗೆಯದು. ಪಾನಾ ಹಿಡಿಯಲು ಏನೂ ಉಳಿಯಬಾರದೆಂದೇ ಹಾಗೆ ಮಾಡಿರುತ್ತಾರೆ. ಉಳಿಯಿಂದ ತಿರುವಿ ಅಥವಾ ಡ್ರಿಲ್ ಮಾಡಿ ತೆಗೆಯಬೇಕಾಗುತ್ತದೆ, ಕೂಲಿ ಹೆಚ್ಚಾಗುವುದು ಅಲ್ಲೇ. ಹೊಸದಕ್ಕೂ ಅಂಥದೇ ಬೋಲ್ಟ್ ಹಾಕಿಸಿ, ಮಾಮೂಲಿ ಬೋಲ್ಟ್ ಹಾಕಿಕೊಟ್ಟರೆ ವಾಪಸ್ ತೆಗೆಸಿ. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಇಗ್ನಿಷನ್ ಲಾಕನ್ನಷ್ಟೇ ಹೊಸದು ಹಾಕಿದರೆ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಎಂದು ಎರಡು ಚಾವಿ ಹಿಡಿದು ಓಡಾಡಬೇಕು. ಬಾಗಿಲುಗಳಿಗೂ ಸೇರಿ ಪೂರ್ತಿ ಸೆಟ್ ಸಿಗುತ್ತದೆ, ಎರಡರ ದರವನ್ನೂ ಕೇಳಿ ತೀರ್ಮಾನಿಸಿ. ಹೊಸ ಚಾವಿಗೆ ಹಳೆಯ ಚಿಪ್ಪನ್ನು ಕೂರಿಸಲು ಬಂದರೆ ಪ್ರೋಗ್ರಾಮಿಂಗ್ ಖರ್ಚು ಉಳಿಯುತ್ತದೆ.

ಗಾಡಿ ವಾಪಸ್ ತೆಗೆದುಕೊಳ್ಳುವ ಮುನ್ನ ಗ್ಯಾರೇಜಿನಲ್ಲೇ ನಿಂತು ನೋಡಿ. ಎರಡೂ ಚಾವಿಗಳಿಂದ ತಲಾ ನಾಲ್ಕೈದು ಸಲ ಸ್ಟಾರ್ಟ್ ಮಾಡಿ. ಚಾವಿ ತೆಗೆದು ಸ್ಟೀರಿಂಗ್ ಲಾಕ್ ಬೀಳುತ್ತದೆಯೇ, ಮತ್ತೆ ಬಿಡುತ್ತದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ ಸ್ಟೀರಿಂಗನ್ನು ಎಡಗೊನೆಯಿಂದ ಬಲಗೊನೆಯವರೆಗೆ ತಿರುಗಿಸಿ, ಎಲ್ಲೂ ತಾಗಬಾರದು. ಸ್ಟಾರ್ಟಿನಿಂದ ಕೈಬಿಟ್ಟ ಕೂಡಲೇ ಚಾವಿ ತಾನಾಗಿ ಆನ್‌ಗೆ ಜಿಗಿಯಬೇಕು. ಹಾರ್ನ್, ವೈಪರ್, ಇಂಡಿಕೇಟರ್ ಮೂರನ್ನೂ ಹಾಕಿ ನೋಡಿ, ಏರ್‌ಬ್ಯಾಗ್ ದೀಪ ಹತ್ತಿ ಆರುತ್ತದೆಯೇ ಗಮನಿಸಿ. ಬಿಚ್ಚಿದ ಹಳೆಯ ಲಾಕನ್ನು ಕೇಳಿ ತೆಗೆದುಕೊಳ್ಳಿ. ಬಾಗಿಲಿಗೆ ಹಳೆಯ ಚಾವಿಯೇ ಉಳಿದಿದ್ದರೆ ಅದರ ನಂಬರ್ ಮುಂದೆ ಬೇಕಾಗುತ್ತದೆ.

ಹೊಸ ಚಾವಿಗೆ ಉಂಗುರ ಹಾಕುವಾಗ ಮನೆ, ತಿಜೋರಿ, ಗೋದಾಮಿನ ಚಾವಿಗಳನ್ನೆಲ್ಲ ಅದಕ್ಕೇ ಪೋಣಿಸಬೇಡಿ. ಕೆಟ್ಟ ರಸ್ತೆಯಲ್ಲಿ ಆ ಗೊಂಚಲು ಜೋತಾಡಿದಷ್ಟೂ ಹೊತ್ತು ಚಾವಿ ಲಾಕಿನೊಳಗೆ ಉಜ್ಜುತ್ತಲೇ ಇರುತ್ತದೆ. ಎರಡನೇ ಚಾವಿಯನ್ನೂ ಮೂಲೆಗೆ ಹಾಕಿ ಮರೆಯದೆ ಆರು ತಿಂಗಳಿಗೊಮ್ಮೆ ಹಾಕಿ ಸ್ಟಾರ್ಟ್ ಮಾಡಿ ನೋಡಿ, ರಿಮೋಟ್ ಇದ್ದರೆ ಅದರ ಸೆಲ್ಲನ್ನೂ.